ಹಬ್ಬದ ಇರುಳಿನ ಪಾಳಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಕ್ರೈಸ್ತರ ಮನೆಗಳಲ್ಲಿ ಸಡಗರ ಮೊದಲಾಗುತ್ತದೆ. ಗೋಡೆಗಳಿಗೆ ಸುಣ್ಣ, ಕಿಟಕಿಗಳಿಗೆ ಹೊಸ ಪರದೆ, ಬಾಗಿಲ ಮುಂದೆ ಕಾಗದದ ನಕ್ಷತ್ರ. ಕರಾವಳಿಯ ಕಡೆಯವರಾದರೆ ‘ಕುಸ್ವಾರ್’ ಎಂಬ ಹಬ್ಬದ ತಿಂಡಿಗಳನ್ನು ಕರಿದು, ಡಬ್ಬಿಗಳಲ್ಲಿ ತುಂಬಿ, ನೆರೆಹೊರೆಯವರಿಗೆ ಬೀರುವ ಸಂಭ್ರಮ. ಹಬ್ಬವೆಂದರೆ ಮನೆಮಂದಿಯೆಲ್ಲ ಒಂದೆಡೆ ಸೇರುವುದು, ಹಬ್ಬವೆಂದರೆ ಬಿಡುವು. ಆದರೆ ಲೋಕದಲ್ಲಿ ಎಲ್ಲರಿಗೂ ಏಕಕಾಲಕ್ಕೆ ಬಿಡುವು ದೊರೆಯುವುದುಂಟೆ? ಊರು ನಿಶ್ಚಿಂತೆಯಿಂದ ಹಬ್ಬವನ್ನಾಚರಿಸುವ ಇರುಳಿನಲ್ಲಿ ರೈಲು ನಡೆಸುವವನು ಎಚ್ಚರವಾಗಿರಬೇಕು. ವಿದ್ಯುತ್ ಕೇಂದ್ರದ ಕೆಲಸಗಾರ ಎಚ್ಚರವಾಗಿರಬೇಕು. ಆಸ್ಪತ್ರೆಯ ದಾದಿಯೂ ಎಚ್ಚರವಾಗಿರಬೇಕು. ನಾನು ಈ ಕೊನೆಯ ವರ್ಗಕ್ಕೆ ಸೇರಿದವಳು. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯ ವೃತ್ತಿ ಹಿಡಿದ ನನಗೆ ಎಷ್ಟೋ ಕ್ರಿಸ್‌ಮಸ್ ರಾತ್ರಿಗಳು ವಾರ್ಡಿನಲ್ಲಿಯೇ ಬೆಳಗಾಗಿವೆ.

“ಹಬ್ಬದ ದಿನವೂ ಕೆಲಸವೇನಮ್ಮಾ? ಪೂಜೆ ಪ್ರಾರ್ಥನೆ ಯಾವಾಗ?” ಎಂದು ರೋಗಿಗಳು ಕನಿಕರದಿಂದ ಕೇಳುವುದುಂಟು. ಕೆಲಸವೂ ಭಕ್ತಿಯೂ ಬೇರೆ ಬೇರೆ, ಒಂದಕ್ಕೆ ಹೊತ್ತು ಕೊಟ್ಟರೆ ಇನ್ನೊಂದಕ್ಕೆ ಕೊರತೆ ಎಂಬ ಭಾವನೆ ಆ ಮಾತಿನ ಹಿಂದಿದೆ. ಅದು ಎಷ್ಟರಮಟ್ಟಿಗೆ ದಿಟವೆಂಬುದನ್ನು ಇಲ್ಲಿ ತುಸು ವಿಚಾರಿಸೋಣ.

ಮೊದಲು ಕೇಳಿದವರು ಯಾರು?

ಕ್ರಿಸ್ತಜನನದ ವಾರ್ತೆಯನ್ನು ಮೊಟ್ಟಮೊದಲು ಕೇಳಿದವರು ಯಾರೆಂಬುದನ್ನು ಲೂಕನ ಸುವಾರ್ತೆ ತಿಳಿಸುತ್ತದೆ. ಅವರು ಅರಮನೆಯವರಲ್ಲ, ದೇವಾಲಯದ ಯಾಜಕರೂ ಅಲ್ಲ. ಬೆತ್ಲೆಹೇಮಿನ ಹೊಲಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕುರಿ ಕಾಯುತ್ತಿದ್ದ ಬಡ ಕುರುಬರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ರಾತ್ರಿ ಪಾಳಿಯ ಕೆಲಸಗಾರರು! ಪ್ರಾರ್ಥನೆಗೆ ಕುಳಿತವರನ್ನಲ್ಲ, ತಮ್ಮ ಕೆಲಸದಲ್ಲಿದ್ದವರನ್ನು ದೇವದೂತರು ಅರಸಿಕೊಂಡು ಬಂದರು. ಹುಟ್ಟಿದ ಆ ಕೂಸಾದರೂ ಬೆಳೆದು ಬಡಗಿಯ ಕಸುಬನ್ನು ಮಾಡಿತೆಂಬುದನ್ನು ಮಾರ್ಕನು ಬರೆದಿದ್ದಾನೆ. ಮುಂದೆ ಧರ್ಮಪ್ರಚಾರಕ್ಕೆ ಹೊರಟ ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ತನ್ನ ಅನ್ನವನ್ನು ತಾನೇ ಗಳಿಸಿಕೊಂಡನು. ಕಾಯಕದ ಮಹಿಮೆಯನ್ನು ಶರಣರಿಂದ ಅರಿತ ಕನ್ನಡಿಗರಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ.

ನಮ್ಮ ದಾದಿಯರ ವೃತ್ತಿಯ ಚರಿತ್ರೆಯೂ ಇದನ್ನೇ ಸಾರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ತನ್ನ ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಬರೆದಿಟ್ಟಳು. ಸಿರಿವಂತ ಮನೆತನದ ಹೆಣ್ಣು ರೋಗಿಗಳ ಮೈ ಮುಟ್ಟುವುದೆಂದರೇನೆಂದು ಮನೆಯವರು ಅಡ್ಡ ಬಂದರು. ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಆಕೆ ಶುಶ್ರೂಷೆಯ ಶಿಕ್ಷಣ ಪಡೆಯುವ ವೇಳೆಗೆ 1851 ಬಂದಿತ್ತು. ಕರೆ ಕೇಳಿದ್ದು ಒಂದು ಗಳಿಗೆಯಲ್ಲಿ. ಕೈಗೆ ಕೆಲಸ ದೊರೆತದ್ದು ಹದಿನಾಲ್ಕು ವರ್ಷಗಳ ಮೇಲೆ.

ಹಂಚು, ಮಗ್ಗ ಮತ್ತು ನಂಬಿಕೆ

ನನ್ನ ಹುಟ್ಟೂರಿನ ಕಥೆಯನ್ನೂ ಹೇಳಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸ ಧರ್ಮವನ್ನು ಸ್ವೀಕರಿಸಿದವರನ್ನು ಅವರವರ ಕುಲದವರು ಹೊರಗೆ ಹಾಕಿದರು. ಜಾತಿ ಹೋದುದರ ಜೊತೆಗೆ ಜಾತಿಯ ಕಸುಬೂ ಹೋಯಿತು. ಗೇಣಿಯ ಭೂಮಿ ಹೋಯಿತು. ಹೊತ್ತಿನ ಗಂಜಿಗೂ ತತ್ವಾರವಾಯಿತು. ಬರಿಯ ಪ್ರಾರ್ಥನೆಯಿಂದ ಹೊಟ್ಟೆ ತುಂಬದೆಂಬುದು ಪಾದ್ರಿಗಳಿಗೆ ಬೇಗನೆ ಮನವರಿಕೆಯಾಯಿತು. 1841ರಲ್ಲಿ ಮುದ್ರಣಾಲಯ, ಬಳಿಕ ಮಗ್ಗಗಳು, 1865ರಲ್ಲಿ ಹಂಚಿನ ಕಾರ್ಖಾನೆ, ಹೀಗೆ ಒಂದೊಂದಾಗಿ ಉದ್ಯಮಗಳು ತಲೆಯೆತ್ತಿದವು. ‘ಮಂಗಳೂರು ಹಂಚು’ ದೇಶ ವಿದೇಶಗಳ ಮಾಡುಗಳನ್ನೇರಿತು. 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು ಅದೇ ಮುದ್ರಣಾಲಯದಲ್ಲಿ. ಆ ಜೇಡಿಮಣ್ಣನ್ನು ತುಳಿದ ಕಾಲುಗಳ, ಅಚ್ಚಿನ ಮೊಳೆಗಳನ್ನು ಜೋಡಿಸಿದ ಬೆರಳುಗಳ ಹೆಸರು ಯಾವ ನಿಘಂಟಿನಲ್ಲಿಯೂ ಇಲ್ಲ. ಆದರೂ ಕೈಗೊಂದು ಕೆಲಸ ಸಿಕ್ಕ ದಿನವೇ ಅವರ ನಂಬಿಕೆ ನೆಲಕ್ಕೆ ಬೇರು ಬಿಟ್ಟಿತೆಂದು ನನಗೆ ತೋರುತ್ತದೆ.

ರಜೆ ಯಾರ ಸೊತ್ತು?

ಹಾಗಾದರೆ ದುಡಿಮೆಯೇ ದೇವರು, ಬಿಡುವೇ ಬೇಡವೆನ್ನೋಣವೆ? ಹಾಗೆನ್ನುವುದೂ ಅಪಾಯ. ಏಳನೆಯ ದಿನ ವಿಶ್ರಮಿಸಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಆ ವಿಧಿ ಯಜಮಾನನಿಗೆ ಮಾತ್ರವೇ ಹೇಳಿದ್ದಲ್ಲ. ಅವನ ಆಳು, ತೊತ್ತು, ದನಕರು, ಊರಲ್ಲಿ ಬಂದಿಳಿದ ಪರದೇಶಿ, ಇವರೆಲ್ಲರಿಗೂ ಅದೇ ವಿಶ್ರಾಂತಿ ಸಲ್ಲಬೇಕೆಂದು ಒಬ್ಬೊಬ್ಬರನ್ನೇ ಎಣಿಸಿ ಹೇಳಿದೆ.

ಇತಿಹಾಸದಲ್ಲಿ ಒಂದು ವಿಚಿತ್ರವನ್ನು ನೋಡಿ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದುಮಾಡಿತು. ಅದು ಶಾಸ್ತ್ರದಲ್ಲಿಲ್ಲದ ಆಚರಣೆಯೆಂಬುದು ಕಟ್ಟುನಿಟ್ಟಿನ ಪ್ಯೂರಿಟನ್ನರ ವಾದ. ಹಬ್ಬವನ್ನು ತೆಗೆದುಹಾಕಿದವರಿಗೂ ಆಳುಗಳ ಬಿಡುವನ್ನು ತೆಗೆದುಹಾಕುವುದು ಸಾಧ್ಯವಾಗಲಿಲ್ಲ. ಅದರ ಬದಲಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಸೇವಕರಿಗೂ ಕೆಲಸ ಕಲಿಯುವ ಹುಡುಗರಿಗೂ ಬಿಟ್ಟುಕೊಡಬೇಕಾಯಿತು! 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆಯ ಜಿಪುಣ ಸ್ಕ್ರೂಜ್, ಕೆಲಸವಿಲ್ಲದ ದಿನಕ್ಕೆ ಗುಮಾಸ್ತನಿಗೆ ಸಂಬಳ ಕೊಡಬೇಕಲ್ಲಾ ಎಂದು ಗೊಣಗುತ್ತಾನೆ. ಸ್ಕಾಟ್ಲೆಂಡಿನಲ್ಲಂತೂ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಕ್ರೈಸ್ತರ ನಾಡುಗಳಲ್ಲಿಯೇ ದುಡಿಯುವವನ ಪಾಲಿಗೆ ಹಬ್ಬ ಇಷ್ಟು ನಿಧಾನವಾಗಿ ನಡೆದು ಬಂದಿದೆ.

ಪಾಳಿಯ ವಿನಿಮಯ

ನಮ್ಮ ವಾರ್ಡಿನಲ್ಲಿ ಯಾವ ಕಾನೂನಿನಲ್ಲಿಯೂ ಇಲ್ಲದ ಒಂದು ಪದ್ಧತಿಯುಂಟು. ದೀಪಾವಳಿಯ ರಾತ್ರಿ ನಾನು ನಿಲ್ಲುತ್ತೇನೆ. ಪಟಾಕಿಯಿಂದ ಕೈ ಸುಟ್ಟುಕೊಂಡು ಬಂದ ಮಕ್ಕಳಿಗೆ ಪಟ್ಟಿ ಕಟ್ಟುತ್ತೇನೆ. ರಂಜಾನಿನ ಹಬ್ಬದಂದು ಮುಸ್ಲಿಮ್ ಗೆಳತಿಯ ಪಾಳಿಯನ್ನು ನಾವಿಬ್ಬರು ಹಂಚಿಕೊಳ್ಳುತ್ತೇವೆ. ಡಿಸೆಂಬರ್ 24ರ ಸಂಜೆ, “ನೀವು ಹೊರಡಿ ಅಕ್ಕಾ, ಚರ್ಚಿಗೆ ಹೊತ್ತಾಯಿತು. ಆರನೆಯ ಹಾಸಿಗೆಯವರ ಚುಚ್ಚುಮದ್ದು ನನಗೆ ನೆನಪಿದೆ” ಎಂದು ಕಿರಿಯಳೊಬ್ಬಳು ಕೈಯಲ್ಲಿದ್ದ ಪಟ್ಟಿಯನ್ನು ಕಸಿದುಕೊಳ್ಳುತ್ತಾಳೆ. ರೋಗಿಗಳು ಹೆಚ್ಚಾದ ವರ್ಷ ಈ ವಿನಿಮಯವೂ ನಡೆಯುವುದಿಲ್ಲ, ಇಬ್ಬರೂ ನಿಲ್ಲಬೇಕು. ಆಗ ಮರುದಿನ ಮಧ್ಯಾಹ್ನ ಬಿಚ್ಚಿದ ಕುಸ್ವಾರಿನ ಡಬ್ಬಿಯೇ ನಮ್ಮೆಲ್ಲರ ಹಬ್ಬ. ಧರ್ಮಸಮನ್ವಯದ ಮೇಲೆ ನಾನು ಎಷ್ಟೋ ಭಾಷಣಗಳನ್ನು ಕೇಳಿರುವೆನಾದರೂ, ಆ ಪಾಳಿಪಟ್ಟಿಯಷ್ಟು ಸರಳವಾಗಿ ಅದನ್ನು ಹೇಳಿದವರನ್ನು ಕಾಣೆ.

ಆದರೆ ಈ ವಿನಿಮಯ ಸಂಬಳದವರೊಳಗಿನದು. ನೆಲ ಒರೆಸುವ, ಮಲಿನ ಬಟ್ಟೆಗಳನ್ನು ಹೊರುವ ದಿನಗೂಲಿಯ ಹೆಂಗಸರಿಗೆ ಇದು ಒದಗುವುದಿಲ್ಲ. ಬಾರದ ದಿನಕ್ಕೆ ಕೂಲಿಯಿಲ್ಲವೆಂದಾದರೆ ರಜೆಯೆಂಬುದು ಅವರಿಗೆ ವರವಲ್ಲ, ದಂಡ. ಗೌರಿಹಬ್ಬಕ್ಕೂ ಅಷ್ಟೇ, ಕ್ರಿಸ್‌ಮಸ್ಸಿಗೂ ಅಷ್ಟೇ. ಅವರ ಪಾಳಿಯನ್ನು ನಾವಾರೂ ಕೊಂಡುಕೊಂಡಿಲ್ಲ. ಹೊಲದ ಕುರುಬರು ಇಂದು ಎಲ್ಲಿದ್ದಾರೆಂದು ಯಾರಾದರೂ ಕೇಳಿದರೆ ನಾನು ಅವರ ಕಡೆಗೇ ಬೆರಳು ತೋರಿಸುವೆನು.

ಮನೆಗೆಲಸದವಳು, ಹಾಲಿನವನು, ಕಾವಲುಗಾರ, ಇವರಿಲ್ಲದ ಮನೆ ನಗರಗಳಲ್ಲಿ ವಿರಳ. ಹಬ್ಬಕ್ಕೆ ಅವರಿಗೊಂದು ಸೀರೆಯನ್ನೋ ಸಿಹಿಯನ್ನೋ ಕೊಡುವ ವಾಡಿಕೆ ನಮ್ಮಲ್ಲಿದೆ, ಒಳ್ಳೆಯದೇ. ಅದರೊಡನೆ, ಅವರವರ ಹಬ್ಬ ಯಾವುದೆಂದು ಕೇಳಿ ತಿಳಿದುಕೊಂಡು, ಆ ದಿನ ಕೂಲಿ ಕತ್ತರಿಸದೆ ಬಿಡುವು ಕೊಟ್ಟು, ಅಂದಿನ ಪಾತ್ರೆಗಳನ್ನು ನಾವೇ ತೊಳೆದುಕೊಂಡರೆ ಹೇಗೆ? ಅರ್ಧ ಗಂಟೆಯ ಕೆಲಸ. ಯಾವ ಧರ್ಮದವರ ಮನೆಯಲ್ಲಾದರೂ ಅದು ಆ ದಿನದ ಆರಾಧನೆಯ ಒಂದು ಭಾಗವಾದೀತು.