ಹಾಸುಹೊಕ್ಕನ್ನು ಸಾಲಾಗಿ ಬರೆಯುವ ಬಗೆ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಾದುಹೋಗುವವರಿಗೆ ಊರಿಗಿಂತ ಮೊದಲು ಮಗ್ಗದ ಸಪ್ಪಳವೇ ಎದುರಾಗುತ್ತದೆ. ಕೃಷ್ಣಾ ನದಿಯ ದಕ್ಷಿಣಕ್ಕಿರುವ ಈ ಅವಳಿ ಊರು ನೇಕಾರಿಕೆಗೆ ಹೆಸರಾದುದು. ಹೂಬಳ್ಳಿಯ ಅಂಚು ನೇಯುವ ಮಗ್ಗವೊಂದರ ಮುಂದೆ ನಿಂತು ತಲೆಯೆತ್ತಿ ನೋಡಿದರೆ, ಮೇಲ್ಗಡೆ ಜಕಾರ್ಡ್ ಎಂಬ ಯಂತ್ರವೂ, ಅದಕ್ಕೆ ಸುತ್ತಿಕೊಂಡಿರುವ ರಟ್ಟಿನ ಪಟ್ಟಿಗಳ ಮಾಲೆಯೂ ಕಾಣುತ್ತವೆ. ಪಟ್ಟಿಗಳ ತುಂಬ ತೂತುಗಳು. ತೂತಿದ್ದೆಡೆಯಲ್ಲಿ ಕೊಕ್ಕೆ ಮೇಲೇಳುತ್ತದೆ, ಅದರೊಡನೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದೆಡೆಯಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾಯಿತೆಂದರೆ ಒಂದು ಹೊಕ್ಕು ಮುಗಿಯಿತು, ಮುಂದಿನ ಪಟ್ಟಿ ಸರದಿಗೆ ಬಂದಿತು.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡನು 1804ರಲ್ಲಿ ಈ ಯಂತ್ರಕ್ಕೆ ರೂಪುಕೊಟ್ಟನು. ಅವನ ಜಾಣ್ಮೆಯ ತಿರುಳು ಯಾವುದು? ಹೂವೆಂಬುದು ಉದ್ದಗಲಗಳುಳ್ಳ ಚಿತ್ರ. ಅದರ ಎಸಳು, ಬಳ್ಳಿ, ಮೊಗ್ಗುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮಗ್ಗವಾದರೋ ಒಂದು ಸಲಕ್ಕೆ ಒಂದೇ ಹೊಕ್ಕನ್ನು ಬಲ್ಲದು. ಆದುದರಿಂದ ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಿ, ಸಾಲು ಸಾಲಾಗಿ ಕತ್ತರಿಸಿ, ಒಂದು ಸಾಲಿಗೆ ಒಂದು ಪಟ್ಟಿಯಂತೆ ಕೊರೆದು, ಪಟ್ಟಿಗಳನ್ನು ಒಂದರ ಹಿಂದೆ ಒಂದು ಪೋಣಿಸಬೇಕು. ಮಗ್ಗವು ಆ ಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೂವನ್ನು ಮತ್ತೆ ಹೂವಾಗಿ ನಿಲ್ಲಿಸುತ್ತದೆ.

ಇದೇ ಕೆಲಸವನ್ನು ಇಂದಿನ ಗಣಕಯಂತ್ರಗಳೂ ಹಗಲಿರುಳು ಮಾಡುತ್ತಿವೆಯೆಂದರೆ ಓದುಗರಿಗೆ ಸೋಜಿಗವಾಗಬಹುದು.

ಜಾವಾ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಕ್ರಮವಿಧಿ ಬರೆಯುವವರು ಲೋಕದ ಸಂಗತಿಗಳನ್ನು 'ವಸ್ತು'ಗಳಾಗಿ ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಇವಕ್ಕೆ ಆಬ್ಜೆಕ್ಟ್ ಎಂದು ಹೆಸರು. ಒಂದೇ ಅಚ್ಚಿನ ವಸ್ತುಗಳೆಲ್ಲ ಸೇರಿ ಒಂದು 'ವರ್ಗ'. ನೇಕಾರರ ಸಹಕಾರಿ ಸಂಘವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಲೆಕ್ಕದಲ್ಲಿ ನೇಕಾರನೊಂದು ವಸ್ತು, ಮಗ್ಗವೊಂದು ವಸ್ತು, ಸೀರೆಯ ವಿನ್ಯಾಸವೊಂದು ವಸ್ತು. ನೇಕಾರನ ವಸ್ತುವಿನೊಳಗೆ ಅವನ ಹೆಸರಿರುವುದಷ್ಟೇ ಅಲ್ಲ, 'ನನ್ನ ಮಗ್ಗ ಅಲ್ಲಿದೆ' ಎಂದು ಬೆರಳು ಮಾಡಿ ತೋರಿಸುವ ಒಂದು ಸೂಚಿಯೂ ಇರುತ್ತದೆ. ಮಗ್ಗವು ತಾನು ನೇಯುತ್ತಿರುವ ವಿನ್ಯಾಸದ ಕಡೆಗೆ ಬೆರಳು ಮಾಡುತ್ತದೆ. ವಿನ್ಯಾಸವು ಸೀರೆಯೊಂದಕ್ಕೆ ಎಷ್ಟು ಮಜೂರಿ ಎಂಬುದನ್ನು ಇಟ್ಟುಕೊಂಡು, ತನ್ನನ್ನು ನೇಯುತ್ತಿರುವ ಮಗ್ಗಗಳ ಕಡೆಗೆ ತಿರುಗಿ ಬೆರಳು ಮಾಡುತ್ತದೆ. ಹೀಗೆ ಯಂತ್ರದ ಸ್ಮೃತಿಯಲ್ಲಿ ಎಲ್ಲವೂ ಹಾಸುಹೊಕ್ಕಾಗಿ ನೇಯ್ದುಕೊಂಡಿರುತ್ತವೆ.

ಆದರೆ ಈ ಸ್ಮೃತಿ ವಿದ್ಯುತ್ತು ಹೋದೊಡನೆ ಅಳಿಸಿಹೋಗುವಂಥದು. ಲೆಕ್ಕವು ಉಳಿಯಬೇಕಾದರೆ ಅದನ್ನು ತಟ್ಟೆಯ ಮೇಲೆ ಬರೆಯಬೇಕು. ಬನಹಟ್ಟಿಯ ಯಂತ್ರದಿಂದ ಜಮಖಂಡಿಯ ಯಂತ್ರಕ್ಕೆ ಹೋಗಬೇಕಾದರೆ ತಂತಿಯಲ್ಲಿ ಹರಿಸಬೇಕು. ತಟ್ಟೆಗಾಗಲಿ ತಂತಿಗಾಗಲಿ ತಿಳಿಯುವುದು ಒಂದರ ಹಿಂದೊಂದು ಬರುವ ಬೈಟುಗಳು ಮಾತ್ರ. 'ಅಲ್ಲಿದೆ' ಎಂಬ ಸೂಚಿ ಈ ಯಂತ್ರದ ಸ್ಮೃತಿಯ ಒಂದು ವಿಳಾಸ. ಇನ್ನೊಂದು ಯಂತ್ರದಲ್ಲಿ ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಹೆಣಿಗೆಯನ್ನು ಬಿಡಿಸಿ ಸಾಲು ಮಾಡಿ, ಆಚೆಯ ತುದಿಯಲ್ಲಿ ಅದೇ ಹೆಣಿಗೆಯನ್ನು ಮರಳಿ ಕಟ್ಟಬೇಕಾಗುತ್ತದೆ. ಇದನ್ನು ಸೀರಿಯಲೈಸೇಷನ್ ಎನ್ನುತ್ತಾರೆ. ನಾವು ಸರಣೀಕರಣ ಎಂದು ಕರೆಯೋಣ. ಪೈಥಾನ್ ಭಾಷೆಯವರು ಇದಕ್ಕೆ ಪಿಕಲ್, ಎಂದರೆ ಉಪ್ಪಿನಕಾಯಿ, ಎಂದು ಹೆಸರಿಟ್ಟಿದ್ದಾರೆ. ಕೆಡದಂತೆ ಜಾಡಿಯಲ್ಲಿ ಹಾಕಿಡುವುದು ಎಂಬ ಭಾವ! ಜಾವಾ ಭಾಷೆಗೆ ಈ ಸೌಕರ್ಯ ಬಂದುದು 1997ರಲ್ಲಿ, ಅದರ 1.1ನೆಯ ಆವೃತ್ತಿಯೊಡನೆ. ಅದೇ ವರ್ಷ ಜಮಖಂಡಿ, ಮುಧೋಳ, ಬೀಳಗಿಗಳು ಅಂದಿನ ಬಿಜಾಪುರ ಜಿಲ್ಲೆಯಿಂದ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿದವು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಈ ಜಿಲ್ಲೆಯ ಮಾತು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಸಾಲು ಮಾಡುವುದರಲ್ಲಿ ಏನು ಕಷ್ಟ? ಒಂದೊಂದು ವಸ್ತುವನ್ನೂ ಬರೆದು, ಅದು ಬೆರಳು ಮಾಡಿದ ವಸ್ತುವನ್ನೂ ಅಲ್ಲಿಯೇ ಬರೆಯುತ್ತ ಹೋದರಾಯಿತಲ್ಲ ಎಂದು ತೋರಬಹುದು. ಹಾಗೆ ಮಾಡಿ ನೋಡೋಣ. ಹತ್ತು ಮಗ್ಗಗಳು ಒಂದೇ ವಿನ್ಯಾಸವನ್ನು ನೇಯುತ್ತಿವೆಯೆನ್ನಿ. ಆ ವಿನ್ಯಾಸವು ಹತ್ತು ಸಲ ಬರೆಯಲ್ಪಡುತ್ತದೆ. ಜಾಗ ಹಾಳಾಗುವುದೊಂದು. ಅದಕ್ಕಿಂತ ಕೆಟ್ಟದ್ದೆಂದರೆ, ಆಚೆಯ ತುದಿಯಲ್ಲಿ ಒಂದು ವಿನ್ಯಾಸದ ಬದಲು ಹತ್ತು ವಿನ್ಯಾಸಗಳು ಹುಟ್ಟಿಕೊಳ್ಳುತ್ತವೆ. ನೋಡುವುದಕ್ಕೆ ಹತ್ತೂ ಒಂದೇ. ನಾಳೆ ಸಂಘವು ಮಜೂರಿಯನ್ನು ಏರಿಸಿ, ಗುಮಾಸ್ತನು ವಿನ್ಯಾಸದಲ್ಲಿ ಹೊಸ ದರವನ್ನು ನಮೂದಿಸಿದರೆ, ಅದು ಒಂದು ಪ್ರತಿಯಲ್ಲಿ ಮಾತ್ರ ಬದಲಾಗುತ್ತದೆ. ಉಳಿದ ಒಂಬತ್ತು ಮಗ್ಗಗಳ ನೇಕಾರರಿಗೆ ಹಳೆಯ ದರವೇ ಗತಿ. ಲೆಕ್ಕದಲ್ಲಿ ಎಲ್ಲಿಯೂ ಕೂಡುವ ತಪ್ಪಿಲ್ಲ, ಕಳೆಯುವ ತಪ್ಪಿಲ್ಲ. 'ಒಂದೇ' ಎಂಬ ಸಂಗತಿಯೊಂದು ದಾರಿಯಲ್ಲಿ ಕಳೆದುಹೋಗಿದೆ, ಅಷ್ಟೆ.

ಇಷ್ಟಕ್ಕೇ ಮುಗಿಯಲಿಲ್ಲ. ಮಗ್ಗವನ್ನು ಬರೆಯಹೋದರೆ ಅದು ವಿನ್ಯಾಸವನ್ನು ತೋರುತ್ತದೆ. ವಿನ್ಯಾಸವನ್ನು ಬರೆಯಹೋದರೆ ಅದು ಮರಳಿ ಮಗ್ಗವನ್ನು ತೋರುತ್ತದೆ. ಮಗ್ಗ ಮತ್ತೆ ವಿನ್ಯಾಸವನ್ನು. ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಯಂತ್ರದ ಜಾಗ ತೀರಿ ಕ್ರಮವಿಧಿಯೇ ನಿಂತುಹೋಗುತ್ತದೆ.

ಪರಿಹಾರವು ಸರಳವಾದುದು. ಬರೆಯುವವನು ಒಂದು ಪಟ್ಟಿಯನ್ನು ಇಟ್ಟುಕೊಳ್ಳುತ್ತಾನೆ. ವಸ್ತುವೊಂದು ಮೊದಲ ಸಲ ಎದುರಾದಾಗ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು ಪೂರ್ತಿಯಾಗಿ ಬರೆಯುತ್ತಾನೆ. ಅದೇ ವಸ್ತು ಮತ್ತೆ ಎದುರಾದರೆ 'ಇಂತಿಷ್ಟನೆಯದು' ಎಂದು ಸಂಖ್ಯೆಯನ್ನಷ್ಟೇ ಬರೆದು ಮುಂದಕ್ಕೆ ಹೋಗುತ್ತಾನೆ. ಓದುವವನೂ ಅದೇ ಕ್ರಮದಲ್ಲಿ ಪಟ್ಟಿಯನ್ನು ಬೆಳೆಸುತ್ತ ಬರುತ್ತಾನೆ. ಅವನು ಮಾತ್ರ ಒಂದು ಎಚ್ಚರವನ್ನು ವಹಿಸಬೇಕು: ವಸ್ತುವಿನ ಒಳಗನ್ನು ತುಂಬುವ ಮೊದಲೇ ಖಾಲಿ ವಸ್ತುವನ್ನು ಪಟ್ಟಿಗೆ ಸೇರಿಸಿಬಿಡಬೇಕು. ಇಲ್ಲವಾದರೆ ವಿನ್ಯಾಸವು 'ಮೊದಲನೆಯ ಮಗ್ಗ' ಎಂದು ಹೇಳುವ ಹೊತ್ತಿಗೆ ಆ ಮಗ್ಗ ಇನ್ನೂ ಪಟ್ಟಿಯಲ್ಲಿರುವುದಿಲ್ಲ.

ಜಕಾರ್ಡ್ ಮಗ್ಗದಲ್ಲಿಯೂ ಇಂಥದೇ ಒಂದು ಉಪಾಯವಿದೆ. ಸೀರೆಯ ಅಗಲಕ್ಕೆ ಒಂದೇ ಬುಟ್ಟಾ ಹಲವು ಸಲ ಬರಬೇಕಾದರೆ ಅಷ್ಟೂ ಎಳೆಗಳಿಗೆ ಬೇರೆ ಬೇರೆ ತೂತುಗಳನ್ನು ಕೊರೆಯುವುದಿಲ್ಲ. ಒಂದೇ ಕೊಕ್ಕೆಗೆ ಹಲವು ದಾರಗಳನ್ನು ಕಟ್ಟಿರುತ್ತಾರೆ. ಕೊಕ್ಕೆ ಒಂದು ಎದ್ದರೆ ಎಲ್ಲ ಬುಟ್ಟಾಗಳಲ್ಲಿಯೂ ಆ ಎಳೆ ಏಳುತ್ತದೆ. ಕೊರೆದದ್ದು ಒಮ್ಮೆ, ಮೂಡಿದ್ದು ಹಲವು ಕಡೆ.

ಇದರಿಂದ ಆಗುವ ಉಳಿತಾಯವೆಷ್ಟು? ಯುನಿಕೋಡಿನ ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. 'ರಬಕವಿ'ಯಲ್ಲಿ ಇಕಾರದ ಗುಣಿತವನ್ನೂ ಸೇರಿಸಿ 5 ಸಂಕೇತಗಳು, ಎಂದರೆ 15 ಬೈಟು. 'ಬನಹಟ್ಟಿ'ಯಲ್ಲಿ ಒತ್ತಕ್ಷರವನ್ನು ಮೂಡಿಸುವ ವಿರಾಮವೂ ಒಂದು ಸಂಕೇತವಾದುದರಿಂದ ಒಟ್ಟು 7, ಎಂದರೆ 21 ಬೈಟು. ನಡುವಿನ ಗೀಟಿಗೆ 1. ಅಲ್ಲಿಗೆ ಊರಿನ ಹೆಸರು 37 ಬೈಟು ಆಯಿತು. ಜಾವಾ ತನ್ನ ಪದ್ಧತಿಯಂತೆ 'ಇದು ಪದ' ಎಂಬ ಗುರುತಿಗೆ 1, ಉದ್ದಕ್ಕೆ 2 ಬೈಟು ಸೇರಿಸಿ 40 ಬೈಟುಗಳಲ್ಲಿ ಅದನ್ನು ಬರೆಯುತ್ತದೆ. ಸಾವಿರ ನೇಕಾರರಿಗೆ ಸಾವಿರ ಸಲ ಬರೆದರೆ 40,000 ಬೈಟು. ಸಂಖ್ಯೆಯಿಂದ ಸೂಚಿಸುವುದಾದರೆ ಸೂಚನೆಯೊಂದಕ್ಕೆ 5 ಬೈಟು. ಮೊದಲ ಸಲ 40, ಉಳಿದ 999 ಸಲ ಐದೈದು, ಒಟ್ಟು 5,035. ಎಂಟರಲ್ಲಿ ಒಂದು ಪಾಲು!

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಜಾವಾದ ಪಟ್ಟಿ ಗಮನಿಸುವುದು ಅಕ್ಷರಗಳು ಸಮವೇ ಎಂಬುದನ್ನಲ್ಲ, ವಸ್ತು ಅದೇ ಹೌದೇ ಎಂಬುದನ್ನು. ಸಾವಿರ ಅರ್ಜಿಗಳಿಂದ ಸಾವಿರ ಸಲ ಓದಿಕೊಂಡ 'ರಬಕವಿ-ಬನಹಟ್ಟಿ' ಎಂಬ ಪದಗಳು ಸ್ಮೃತಿಯಲ್ಲಿ ಸಾವಿರ ಬೇರೆ ವಸ್ತುಗಳಾಗಿರಬಹುದು. ಆಗ ಉಳಿತಾಯ ಏನೂ ಇಲ್ಲ. ಹೆಸರೊಂದನ್ನು ಒಮ್ಮೆ ಇಟ್ಟುಕೊಂಡು ಎಲ್ಲರೂ ಅದನ್ನೇ ತೋರುವಂತೆ ಮೊದಲೇ ಏರ್ಪಡಿಸುವುದು ಕ್ರಮವಿಧಿಕಾರನ ಹೊಣೆ.

ವರ್ಗದ ವಿವರಕ್ಕೂ ಇದೇ ನ್ಯಾಯ. 'ನೇಕಾರ' ವರ್ಗಕ್ಕೆ ಹೆಸರು, ಊರು, ಮಗ್ಗ ಎಂಬ ಅಂಕಣಗಳಿವೆಯೆಂಬುದನ್ನು ಜಾವಾ ಒಂದೇ ಸಲ ಬರೆಯುತ್ತದೆ. ಅಂತರಜಾಲದಲ್ಲಿ ಬಹಳ ಬಳಕೆಯಲ್ಲಿರುವ ಜೆಸನ್ ಎಂಬ ಪದ್ಧತಿ ಅಂಕಣಗಳ ಹೆಸರನ್ನು ಪ್ರತಿಯೊಂದು ದಾಖಲೆಯಲ್ಲಿಯೂ ಬರೆಯುತ್ತದೆ. ಸೂಚಿಗಳಿಗೆ ಅದರಲ್ಲಿ ಎಡೆಯೇ ಇಲ್ಲ. ಹಾಗಿದ್ದರೂ ಮನುಷ್ಯನು ಕಣ್ಣಿನಿಂದ ಓದಬಹುದೆಂಬ ಗುಣಕ್ಕಾಗಿ ಜನ ಅದನ್ನು ಮೆಚ್ಚಿದ್ದಾರೆ, ಅದು ತಪ್ಪೂ ಅಲ್ಲ. ಗೂಗಲ್ ಸಂಸ್ಥೆ 2008ರಲ್ಲಿ ಎಲ್ಲರಿಗೂ ತೆರೆದುಕೊಟ್ಟ ಪ್ರೋಟೊಕಾಲ್ ಬಫರ್ಸ್ ಎಂಬ ಪದ್ಧತಿಯಲ್ಲಿ ಅಂಕಣಕ್ಕೆ ಹೆಸರಿನ ಬದಲು ಸಂಖ್ಯೆಯನ್ನು ಕೊಡುತ್ತಾರೆ. ಅಲ್ಲಿ ಸಣ್ಣ ಸಂಖ್ಯೆಗಳಿಗೆ ಸಣ್ಣ ಜಾಗ: ಬೈಟಿನ 8 ಬಿಟ್‌ಗಳಲ್ಲಿ 7 ಸಂಖ್ಯೆಗೆ, ಉಳಿದ ಒಂದು 'ಇನ್ನೂ ಇದೆ' ಎಂದು ತಿಳಿಸುವುದಕ್ಕೆ. ಜಾವಾದ ಸಾಮಾನ್ಯ ಪೂರ್ಣಾಂಕವು ಯಾವಾಗಲೂ 4 ಬೈಟು ಹಿಡಿಯುತ್ತದೆ. ಇಲ್ಲಿ 300ಕ್ಕೆ 2 ಬೈಟು ಸಾಕು.

ವಸ್ತುವಿನ ಗುಣವನ್ನು ಅರಿತು ಬರೆದರೆ ಲಾಭ ಇನ್ನೂ ಹೆಚ್ಚು. 120 ಕೊಕ್ಕೆಗಳ ಜಕಾರ್ಡಿಗೆ 200 ಪಟ್ಟಿಗಳ ವಿನ್ಯಾಸವೆಂದರೆ 24,000 ಎಡೆಗಳು. ಒಂದೊಂದು ಎಡೆಗೂ ಪೂರ್ಣಾಂಕವಿಟ್ಟರೆ 96,000 ಬೈಟು. 'ಹೌದು-ಅಲ್ಲ' ಎಂದಿಟ್ಟರೆ ಜಾವಾದಲ್ಲಿ 24,000. ಎಂಟೆಂಟು ತೂತುಗಳನ್ನು ಒಂದು ಬೈಟಿನಲ್ಲಿ ಅಡಕಿದರೆ 3,000 ಮಾತ್ರ. ಪಟ್ಟಿಗಳನ್ನು ಸರಪಣಿಯಂತೆ, ಪ್ರತಿಯೊಂದೂ ಮುಂದಿನದನ್ನು ತೋರುವಂತೆ ಇಟ್ಟಿದ್ದರೆ, ತೋರಿದ ಹಾಗೆಲ್ಲ ಒಳಹೊಕ್ಕು ಬರೆಯುವ ಯಂತ್ರವು ಸಾವಿರಾರು ಮೆಟ್ಟಿಲು ಇಳಿದು ಮುಗ್ಗರಿಸಬಹುದು. ಜಾವಾದ ಲಿಂಕ್ಡ್‌ಲಿಸ್ಟ್ ವರ್ಗವನ್ನು ಬರೆದವರು ಇದನ್ನು ಅರಿತು ಕೊಂಡಿಗಳನ್ನು ಬರೆಯುವುದನ್ನೇ ಕೈಬಿಟ್ಟಿದ್ದಾರೆ: ಮೊದಲು 'ಇಷ್ಟು ಇವೆ' ಎಂಬ ಸಂಖ್ಯೆ, ಆಮೇಲೆ ಒಳಗಿನ ವಸ್ತುಗಳು ಸಾಲಾಗಿ. ಕೊಂಡಿಗಳನ್ನು ಓದುವವನು ಹೊಸದಾಗಿ ಹಾಕಿಕೊಳ್ಳುತ್ತಾನೆ. ಲೆಕ್ಕಮಾಡಿ ಪಡೆಯಬಹುದಾದುದನ್ನು ಬರೆಯಬೇಕಿಲ್ಲ. ತಿಂಗಳ ಒಟ್ಟು ಮಜೂರಿ ದಿನದ ಲೆಕ್ಕದಿಂದ ಸಿಗುವಂತಿದ್ದರೆ ಆ ಅಂಕಣಕ್ಕೆ ಟ್ರಾನ್ಸಿಯೆಂಟ್ ಎಂಬ ಗುರುತು ಹಾಕಿದರೆ ಸಾಕು, ಜಾವಾ ಅದನ್ನು ಬಿಟ್ಟುಬಿಡುತ್ತದೆ.

ಈಗ ಜಿಲ್ಲೆಯ ಮಾತಿಗೆ ಬರೋಣ. ಹಳೆಯ ಕಡತದಲ್ಲಿ 'ಜಮಖಂಡಿ ತಾಲ್ಲೂಕು, ಬಿಜಾಪುರ ಜಿಲ್ಲೆ' ಎಂದಿದ್ದ ಊರು 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಬಂದಿತು. 2018ರ ಹೊತ್ತಿಗೆ ರಬಕವಿ-ಬನಹಟ್ಟಿ ತಾನೇ ಒಂದು ತಾಲ್ಲೂಕಾಯಿತು. ಈ ನಡುವೆ 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. ಇಂಥ ವಿವರವನ್ನು ಸಾವಿರ ದಾಖಲೆಗಳಲ್ಲಿ ನಕಲು ಮಾಡಿಟ್ಟವರಿಗೆ ಸಾವಿರ ತಿದ್ದುಪಡಿ, ಒಂದೆಡೆ ಇಟ್ಟು ಸೂಚಿಸಿದವರಿಗೆ ಒಂದೇ. ಕಡತವು ಹಳೆಯದಾಗಿ ವರ್ಗ ಬದಲಾದಾಗಲೂ ತೊಡಕಿದೆ. ಜಾವಾ ಪ್ರತಿಯೊಂದು ವರ್ಗಕ್ಕೂ ಒಂದು ಆವೃತ್ತಿ ಸಂಖ್ಯೆಯನ್ನು ಕಡತದಲ್ಲಿ ಬರೆಯುತ್ತದೆ. ಕ್ರಮವಿಧಿಕಾರನು ಅದನ್ನು ತಾನೇ ನಿಗದಿಮಾಡದಿದ್ದರೆ ವರ್ಗದ ವಿವರಗಳಿಂದ ಯಂತ್ರವೇ ಲೆಕ್ಕಹಾಕುತ್ತದೆ. ಆಗ ಅಂಕಣವೊಂದನ್ನು ಸೇರಿಸಿದರೂ ಸಂಖ್ಯೆ ಬದಲಾಗಿ ಹಳೆಯ ಕಡತವು ತೆರೆಯಲೊಲ್ಲದು. ತಾನೇ ನಿಗದಿಮಾಡಿದ್ದರೆ ಕಡತವು ತೆರೆಯುತ್ತದೆ, ಹೊಸ ಅಂಕಣ ಖಾಲಿಯಾಗಿ ಬರುತ್ತದೆ. ಎರಡನೆಯದೇ ಲೇಸೆಂದು ನಮ್ಮ ಅಭಿಪ್ರಾಯ.

ಅಪರಿಚಿತರಿಂದ ಬಂದ ಸಾಲನ್ನು ಮರಳಿ ಕಟ್ಟುವುದು ಅಪಾಯಕಾರಿ ಎಂಬುದನ್ನೂ ಹೇಳಿಬಿಡಬೇಕು. ಯಾವ ವರ್ಗದ ವಸ್ತುವನ್ನು ಕಟ್ಟಬೇಕೆಂಬುದನ್ನು ಆ ಸಾಲೇ ಹೇಳುತ್ತದೆ, ಕಟ್ಟುವಾಗ ಆ ವರ್ಗದ ಕ್ರಮವಿಧಿಯೂ ನಡೆಯುತ್ತದೆ. ಕೇಡಿಗನು ಅದನ್ನು ತನಗೆ ಬೇಕಾದಂತೆ ಹೆಣೆಯಬಲ್ಲನು. ಇದಕ್ಕಾಗಿ 2017ರಲ್ಲಿ ಬಂದ ಜಾವಾ 9ರಲ್ಲಿ ಒಳಬರುವ ವರ್ಗಗಳನ್ನು ಜಾಲಿಸುವ ಏರ್ಪಾಟನ್ನು ಸೇರಿಸಿದರು. ಪೈಥಾನಿನ ಕೈಪಿಡಿಯೂ ನಂಬಿಕೆಯಿಲ್ಲದ ಉಪ್ಪಿನಕಾಯಿ ಜಾಡಿಯನ್ನು ತೆರೆಯಬೇಡಿರೆಂದು ಎಚ್ಚರಿಸುತ್ತದೆ.

ಕೊನೆಗೆ, ಉಳಿತಾಯದ ಉಪಾಯದಿಂದಲೇ ಹುಟ್ಟುವ ಒಂದು ಪೇಚನ್ನು ನೋಡೋಣ. ಸಂಘದ ಯಂತ್ರವು ಜಮಖಂಡಿಗೆ ಒಂದು ಹರಿವನ್ನು ತೆರೆದಿಟ್ಟು, ನೇಕಾರನೊಬ್ಬನ ಲೆಕ್ಕದ ವಸ್ತುವನ್ನು ದಿನಾಲು ಸಂಜೆ ಕಳಿಸುತ್ತಿದೆಯೆನ್ನಿ. ಸೋಮವಾರ 'ಸೀರೆ 2' ಎಂದು ಹೋಯಿತು. ಮಂಗಳವಾರ ಅದೇ ವಸ್ತುವಿನಲ್ಲಿ 2ನ್ನು 4 ಮಾಡಿ ಮತ್ತೆ ಕಳಿಸಿದರು. ಬರೆಯುವವನು ತನ್ನ ಪಟ್ಟಿಯನ್ನು ನೋಡಿದ: ಈ ವಸ್ತು ಆಗಲೇ ಹೋಗಿದೆ. 'ಇಂತಿಷ್ಟನೆಯದು' ಎಂದು ಐದು ಬೈಟು ಬರೆದು ಸುಮ್ಮನಾದ. ಆಚೆ ಓದುವವನು ತನ್ನ ಪಟ್ಟಿಯಿಂದ ಸೋಮವಾರದ ವಸ್ತುವನ್ನೇ ತೆಗೆದುಕೊಟ್ಟ. ವಾರದ ಕೊನೆಗೂ ಅಲ್ಲಿ ಇರುವುದು ಎರಡೇ ಸೀರೆ. ದೋಷದ ಸೂಚನೆ ಎಲ್ಲಿಯೂ ಬರುವುದಿಲ್ಲ. ಎರಡು ಯಂತ್ರಗಳೂ ನಿಯಮದಂತೆಯೇ ನಡೆದುಕೊಂಡಿವೆ. ಜೊತೆಗೆ, ಒಮ್ಮೆ ಬರೆದ ವಸ್ತುಗಳನ್ನೆಲ್ಲ ಆ ಪಟ್ಟಿ ಹಿಡಿದುಕೊಂಡೇ ಇರುವುದರಿಂದ ಹರಿವು ತೆರೆದಿರುವವರೆಗೆ ಸ್ಮೃತಿಯೂ ತುಂಬುತ್ತಲೇ ಹೋಗುತ್ತದೆ.

ಇದಕ್ಕೆ ಜಾವಾದಲ್ಲಿ ರಿಸೆಟ್ ಎಂಬ ಆಜ್ಞೆಯಿದೆ. ಅದನ್ನು ಕೊಟ್ಟರೆ ಎರಡು ಕಡೆಯವರೂ ಪಟ್ಟಿಯನ್ನು ಒರಸಿ ಮೊದಲಿನಿಂದ ಎಣಿಸಲು ತೊಡಗುತ್ತಾರೆ. ಆದರೆ ಪ್ರತಿಯೊಂದು ವಸ್ತುವಿಗೂ ರಿಸೆಟ್ ಮಾಡಿದರೆ ವರ್ಗದ ವಿವರ, ಊರಿನ ಹೆಸರು ಎಲ್ಲವೂ ಮತ್ತೆ ಮತ್ತೆ ಹೋಗಿ ಹಿಂದಿನ 40,000 ಬೈಟುಗಳೇ ಮರಳಿ ಬರುತ್ತವೆ. ದಿನಕ್ಕೊಮ್ಮೆ, ಆ ದಿನದ ಲೆಕ್ಕವನ್ನು ಕಳಿಸುವ ಮೊದಲು ಮಾಡಿದರೆ ಸಾಕು. ಇಲ್ಲವೇ, ತುಂಬಿದ ಮೇಲೆ ಯಾರೂ ತಿದ್ದಬಾರದೆಂಬ ಕಟ್ಟಿನೊಡನೆ ಪ್ರತಿ ಸಂಜೆಯೂ ಒಂದು ಹೊಸ ಚೀಟಿಯ ವಸ್ತುವನ್ನೇ ಮಾಡಿ ಕಳಿಸಬಹುದು. ಆಗ ಮಂಗಳವಾರದ ನಾಲ್ಕು ಸೀರೆಗಳು ನಾಲ್ಕಾಗಿಯೇ ಜಮಖಂಡಿಯನ್ನು ಮುಟ್ಟುತ್ತವೆ.