ಕಲ್ಲಿನ ಮೇಲೆ 'ಕಲ್', ನಮ್ಮ ಬಾಯಲ್ಲಿ 'ಕಲ್ಲು'

ಶಾಸನ ಓದೋಕೆ ಶುರು ಮಾಡಿದ ಹೊಸದರಲ್ಲಿ ಒಂದು ವೀರಗಲ್ಲಿನ ಪಾಠ ಟೈಪ್ ಮಾಡಿ ಹಿರಿಯರೊಬ್ಬರಿಗೆ ತೋರಿಸಿದ್ದೆ. ಕಲ್ಲಿನಲ್ಲಿದ್ದ 'ಕಲ್' ನನ್ನ ಪಾಠದಲ್ಲಿ 'ಕಲ್ಲು' ಆಗಿತ್ತು. "ಒಂದು ಉಕಾರ ತಾನೇ ಸರ್" ಅಂದೆ. "ಆ ಉಕಾರ ಬರೋಕೆ ಕನ್ನಡಕ್ಕೆ ಶತಮಾನಗಳೇ ಹಿಡಿದವು. ನೀವು ಒಂದೇ ಕ್ಷಣದಲ್ಲಿ ಹಾಕಿಬಿಟ್ಟಿರಿ" ಅಂದರು.

ವಿಷಯ ಇರೋದು ಉಚ್ಚಾರಾಂಶದ, ಅಂದರೆ ಸಿಲಬಲ್‌ನ ರಚನೆಯಲ್ಲಿ. ವ್ಯಂಜನ ಮುಂದೆ, ಸ್ವರ ಹಿಂದೆ: 'ಕ', 'ಮಾ' ಇಂಥ ಉಚ್ಚಾರಾಂಶ ಎಲ್ಲ ಭಾಷೆಗಳಲ್ಲೂ ಇದೆ ಎಂದು ರೋಮನ್ ಯಾಕಬ್ಸನ್ ಹೇಳಿದ್ದರು. ಸ್ವರದ ನಂತರ ವ್ಯಂಜನ ನಿಲ್ಲಬಹುದೇ ಎಂಬಲ್ಲಿ ಭಾಷೆಗಳು ಬೇರೆಯಾಗುತ್ತವೆ. ಹವಾಯಿ ಭಾಷೆಯಲ್ಲಿ ನಿಲ್ಲುವುದೇ ಇಲ್ಲ. ಜಪಾನಿಯಲ್ಲಿ ಪದದ ಕೊನೆಗೆ ಅನುನಾಸಿಕ ಮಾತ್ರ ನಿಲ್ಲುತ್ತದೆ. ಅದಕ್ಕೇ ಅವರ ಬಾಯಲ್ಲಿ 'ಮಿಲ್ಕ್' ಅನ್ನೋದು 'ಮಿರುಕು'.

ಹಳಗನ್ನಡದಲ್ಲಿ ಪದದ ಕೊನೆಗೆ ವ್ಯಂಜನ ಧಾರಾಳವಾಗಿ ನಿಲ್ಲುತ್ತಿತ್ತು: ಕಣ್, ಪಾಲ್, ನೀರ್. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ 'ತ್ಯಾಗಸಂಪನ್ನನ್' ನೋಡಿ. ಮುಂದೆ ಇವಕ್ಕೆಲ್ಲ ಉಕಾರ ಅಂಟಿತು.

ಆದರೆ 'ಕಲ್' ಹೋಗಿ 'ಕಲ್ಲು' ಆದರೆ, 'ಕಾಲ್' ಹೋಗಿ 'ಕಾಲು' ಮಾತ್ರ ಆಯಿತು. ಯಾಕೆ? 'ಕಲ್' ಗುರು, ಎರಡು ಮಾತ್ರೆ. ಬರೀ ಉಕಾರ ಸೇರಿಸಿ 'ಕಲು' ಅಂದರೆ ಮೊದಲ ಉಚ್ಚಾರಾಂಶ ಲಘುವಾಗುತ್ತದೆ. ಲಕಾರ ಇಮ್ಮಡಿಯಾದರೆ ಕಲ್-ಲು, ತೂಕ ಉಳಿಯಿತು. 'ಕಾ' ದೀರ್ಘ, ಅದಕ್ಕೆ ಈ ಆಸರೆ ಬೇಡ. ನಾವು ಈಗಲೂ 'ಬಸ್ಸು', 'ಪೆನ್ನು' ಅಂತೀವಿ, 'ಕಾರ್ರು' ಅನ್ನಲ್ಲ.

ಇಲ್ಲೇ ಲಿಪಿ ನಮ್ಮನ್ನು ಯಾಮಾರಿಸುತ್ತದೆ. ಬರಹದಲ್ಲಿ ಕ + ಲ್ಲು, ಬಾಯಲ್ಲಿ ಕಲ್ + ಲು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಉರು ಹೊಡೆದ ನಿಯಮದ ಕಾರಣ ಇದೇ: ಒತ್ತಕ್ಷರದ ಅರ್ಧ ವ್ಯಂಜನ ಹಿಂದಿನದಕ್ಕೆ ಸೇರಿದ್ದು. ಪದ್ಯಶಾಸನದಲ್ಲಿ ಅಕ್ಷರ ಸವೆದಿದ್ದಾಗ ಈ ಲೆಕ್ಕವೇ ನಮಗೆ ದಾರಿ.

ಉಕಾರವೊಂದನ್ನೇ ನೋಡಿ ಶಾಸನದ ಕಾಲ ಹೇಳಲಾಗದು. ಆಡುಮಾತು ಬದಲಾದ ಮೇಲೂ ಬರಹ ಹಳೆಯ ರೂಪವನ್ನು ಹಿಡಿದುಕೊಂಡಿರುತ್ತದೆ. ಲಿಪಿ, ಪಕಾರ-ಹಕಾರ, ವಿಭಕ್ತಿ ಎಲ್ಲ ಕೂಡಿಸಿ ನೋಡಬೇಕು. ಆದರೆ ಪಾಠದಲ್ಲೇ 'ತಿದ್ದಿ'ಬಿಟ್ಟರೆ ಮುಂದಿನವರಿಗೆ ಆ ಸಾಕ್ಷಿಯೇ ಇರಲ್ಲ. ಕಲ್ಲು ಸವೆದರೆ ಉಳಿಯೋದು ನಮ್ಮ ಪಾಠವೊಂದೇ. ಕಂಡದ್ದನ್ನಷ್ಟೇ ಬರೆಯೋಣ.