ಎಲೆ ಎಷ್ಟು ಅಂತ ಹೇಳಿ, ಒಗ್ಗರಣೆ ಭಟ್ಟರಿಗೆ ಬಿಡಿ

ಹೆಸರಿನಲ್ಲಿ ‘ಮ್ಯಾನೇಜರ್’ ಇರುತ್ತೆ, ಕೈಕೆಳಗೆ ಮಾತ್ರ ಒಬ್ಬರೂ ಇರೋದಿಲ್ಲ. ಹೊಸದಾಗಿ ಪ್ರಾಡಕ್ಟ್ ಮ್ಯಾನೇಜರ್ ಆದವರು ಡೆವಲಪರ್‌ಗಳ ಜೊತೆ ಕೆಲಸ ಮಾಡೋದು ಹೇಗೆ? ಎಡವಿ ಕಲಿತ ಒಬ್ಬರ ಅನುಭವ ಇಲ್ಲಿದೆ.

“ಈ ಫೀಚರ್ ದೀಪಾವಳಿಗೆ ಮೊದಲೇ ಲೈವ್ ಆಗ್ಬೇಕು. ಸೇಲ್ಸ್‌ನವರಿಗೆ ಆಗ್ಲೇ ಹೇಳಿಬಿಟ್ಟಿದ್ದೀನಿ.”

ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ನಾನು ಹೀಗಂದಾಗ ಆರು ಜನ ಡೆವಲಪರ್‌ಗಳಲ್ಲಿ ಒಬ್ಬರೂ ಮಾತಾಡಲಿಲ್ಲ. ಒಪ್ಪಿಕೊಂಡರು ಅಂದುಕೊಂಡೆ. ಮೀಟಿಂಗ್ ಮುಗಿದ ಮೇಲೆ ತಂಡದ ಹಿರಿಯ ಡೆವಲಪರ್, ಬಾಗಲಕೋಟೆ ಕಡೆಯವರು, ಕಾಫಿ ಮಷೀನ್ ಹತ್ತಿರ ನಗುತ್ತಲೇ ಹೇಳಿದರು: “ಡೇಟ್ ಕೊಡಾಕ ನೀವು, ಕೋಡ್ ಬರಿಯಾಕ ನಾವು. ಇದ್ಯಾವ ನ್ಯಾಯರೀ?” ನಾನೂ ನಕ್ಕೆ. ಅವರು ತಮಾಷೆ ಮಾಡುತ್ತಿರಲಿಲ್ಲ ಅಂತ ಅರ್ಥವಾಗಲು ಐದು ವಾರ ಬೇಕಾಯ್ತು.

ಅದಕ್ಕೆ ಮೊದಲು ನಾಲ್ಕು ವರ್ಷ ಅದೇ ಕಂಪನಿಯ ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ. ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಕಂಪನಿ. ಅಂಗಡಿಯವರ ಕಷ್ಟ ನನಗೆ ಚೆನ್ನಾಗಿ ಗೊತ್ತು ಅಂತ ಪ್ರಾಡಕ್ಟ್ ಮ್ಯಾನೇಜರ್ ಮಾಡಿದರು. ತುಮಕೂರಿನಿಂದ ಅಮ್ಮ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, “ನಿನ್ನ ಕೈಕೆಳಗೆ ಎಷ್ಟು ಜನ?” “ಆರು ಜನ” ಅಂದುಬಿಟ್ಟೆ. ಅದು ಸುಳ್ಳು. ಡೆವಲಪರ್‌ಗಳು ಎಂಜಿನಿಯರಿಂಗ್ ಮ್ಯಾನೇಜರ್‌ಗೆ ಉತ್ತರ ಕೊಡುವವರು. ಅವರ ರಜೆ, ಇನ್‌ಕ್ರಿಮೆಂಟ್, ಪ್ರಮೋಷನ್ ಯಾವುದೂ ನನ್ನ ಕೈಲಿರಲಿಲ್ಲ. ಏನು ತಯಾರಾಗಬೇಕು, ಯಾಕೆ ತಯಾರಾಗಬೇಕು ಅನ್ನೋ ಹೊಣೆ ಮಾತ್ರ ನನ್ನದು.

ಈ ಕೆಲಸ ಹುಟ್ಟಿದ್ದೂ ಸೋಪಿನ ಕಂಪನಿಯಲ್ಲಿ. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ಕ್ಯಾಮೆ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್ ಒಂದು ಟಿಪ್ಪಣಿ ಬರೆದರು. ಒಂದೊಂದು ಬ್ರ್ಯಾಂಡ್‌ಗೂ ಅದರ ಹಿಂದುಮುಂದು ಪೂರ್ತಿ ನೋಡಿಕೊಳ್ಳುವವರು ಬೇಕು ಅನ್ನೋದು ಅದರ ಸಾರ. ಮುಂದೆ ಆ ಯೋಚನೆ ಸಾಫ್ಟ್‌ವೇರ್ ಲೋಕಕ್ಕೂ ಬಂತು. ಹೊಣೆ ದೊಡ್ಡದು, ಅಧಿಕಾರ ಸಣ್ಣದು ಅನ್ನೋದು ಇವತ್ತಿಗೂ ಹಾಗೇ ಇದೆ.

‘ನೋಡಬೇಕು’ ಅನ್ನೋ ಪದ ಎಲ್ಲಿ ಹೋಯ್ತು?

ಆ ಫೀಚರ್ ಇಷ್ಟೇ: ಒಬ್ಬ ಮಾಲೀಕರಿಗೆ ಎರಡು ಅಂಗಡಿ ಇದ್ದರೆ ಎರಡರ ಸ್ಟಾಕನ್ನೂ ಒಂದೇ ಆ್ಯಪ್‌ನಲ್ಲಿ ನೋಡುವ ಸೌಲಭ್ಯ. ಲಿಫ್ಟ್‌ನಲ್ಲಿ ಹೋಗುವಾಗ ಹಿರಿಯ ಡೆವಲಪರ್‌ನ ಕೇಳಿದ್ದೆ, “ಎಷ್ಟು ದಿನ ಆಗಬಹುದು ಸರ್?” ಅವರು ಹೇಳಿದ್ದು, “ಮೂರು ವಾರ ಆಗಬಹುದು. ನೋಡಬೇಕ್ರಿ.” ನನಗೆ ಕೇಳಿಸಿದ್ದು ‘ಮೂರು ವಾರ’ ಮಾತ್ರ. ದೀಪಾವಳಿಗೆ ಐದು ವಾರ ಇತ್ತು. ಎರಡು ವಾರ ಹೆಚ್ಚಿಗೇ ಕೊಟ್ಟಿದ್ದೀನಲ್ಲ ಅನ್ನೋದು ನನ್ನ ಲೆಕ್ಕ. ಸೇಲ್ಸ್‌ನವರು ಅದನ್ನು ಗ್ರಾಹಕರಿಗೆ ಹೇಳಿಯೂ ಬಿಟ್ಟರು.

ಕೆಲಸ ಶುರುವಾದ ಮೇಲೆ ಗೊತ್ತಾಯ್ತು, ಆ್ಯಪ್‌ನ ಡೇಟಾಬೇಸ್ ಕಟ್ಟಿದ್ದೇ ‘ಒಬ್ಬ ಮಾಲೀಕ, ಒಂದು ಅಂಗಡಿ’ ಅನ್ನೋ ಲೆಕ್ಕದಲ್ಲಿ. ಒಂದು ಕಡೆ ಮುಟ್ಟಿದರೆ ಬಿಲ್, ಸ್ಟಾಕ್, ಜಿಎಸ್‌ಟಿ ರಿಪೋರ್ಟ್ ಎಲ್ಲವೂ ಅಲುಗಾಡುತ್ತಿತ್ತು. ಮೂರನೇ ವಾರ ಮುಗಿದಾಗ ಅರ್ಧ ಕೆಲಸವೂ ಆಗಿರಲಿಲ್ಲ. ನಾನು ಜಾಣತನ ಅಂದುಕೊಂಡು ಬೇರೆ ತಂಡದಿಂದ ಇಬ್ಬರನ್ನು ಕೇಳಿ ತಂದೆ. ಕೆಲಸ ಇನ್ನೂ ನಿಧಾನವಾಯ್ತು. ನಮ್ಮವರು ಅರ್ಧ ದಿನ ಕೋಡ್ ಬರೆಯೋದು ಬಿಟ್ಟು ಬಂದವರಿಗೆ ಪಾಠ ಹೇಳುತ್ತಾ ಕೂತಿದ್ದರು.

ಇದು ಹಳೇ ಕಥೆಯಂತೆ. ಐಬಿಎಂನಲ್ಲಿ ಓಎಸ್/360 ಎಂಬ ದೊಡ್ಡ ಪ್ರಾಜೆಕ್ಟ್ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ತಡವಾದ ಪ್ರಾಜೆಕ್ಟ್‌ಗೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತೆ ಅನ್ನೋದು ಅವರ ಅನುಭವ. ಲೆಕ್ಕ ಹಾಕಿ ನೋಡಿ. ಆರು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 15. ಎಂಟು ಜನ ಆದ ಕೂಡಲೇ ಅದು 28.

ನೀರು ತುಂಬುವ ಹಬ್ಬದ ಸಂಜೆ

ಹೇಗೋ ಹಬ್ಬಕ್ಕೆ ಮೂರು ದಿನ ಇರುವಾಗ ರಾತ್ರಿ 11ಕ್ಕೆ ಲೈವ್ ಮಾಡಿದೆವು. ಅವತ್ತು ಮಧ್ಯಾಹ್ನ ತಂಡದ ಅತಿ ಕಿರಿಯ ಹುಡುಗಿ ಮೆಲ್ಲಗೆ ಹೇಳಿದ್ದಳು, “ಎರಡು ಅಂಗಡೀಲಿ ಒಂದೇ ಸಲ ಬಿಲ್ ಹಾಕಿದ್ರೆ ಏನಾಗುತ್ತೆ ಅಂತ ಇನ್ನೂ ಟೆಸ್ಟ್ ಮಾಡಿಲ್ಲ.” ನಾನು “ನೋಡ್ಕೊಳ್ಳೋಣ ಬಿಡಿ” ಅಂದಿದ್ದೆ.

ಧನತ್ರಯೋದಶಿ ಸಂಜೆ, ಮನೆಗಳಲ್ಲಿ ಹಂಡೆಗೆ ನೀರು ತುಂಬುವ ಹೊತ್ತಿಗೆ, ತಿಪಟೂರಿನ ದಿನಸಿ ಅಂಗಡಿಯ ಮಾಲೀಕರೊಬ್ಬರು ಫೋನ್ ಮಾಡಿದರು. ಒಂದು ಅಂಗಡಿಯಲ್ಲಿ ಮಾರಿದ ಎಣ್ಣೆ ಇನ್ನೊಂದು ಅಂಗಡಿಯ ಸ್ಟಾಕ್‌ನಿಂದ ಕಳೆಯುತ್ತಿತ್ತು. ಕಪಾಟಿನ ತುಂಬ ಮಾಲಿದ್ದರೂ ಆ್ಯಪ್ ‘ಸ್ಟಾಕ್ ಇಲ್ಲ’ ಅಂತ ಬಿಲ್ ನಿಲ್ಲಿಸಿತ್ತು. “ಅಂಗಡಿ ಮುಂದೆ ಜನ ನಿಂತವ್ರೆ ಸ್ವಾಮಿ. ನಾನು ರಟ್ಟಿನ ಮೇಲೆ ಲೆಕ್ಕ ಬರೀತಾ ಇದೀನಿ. ವರ್ಷಕ್ಕೊಂದು ಹಬ್ಬ ನಮಗೆ.” ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದನ್ನು ಸರಿ ಮಾಡಿದ್ದು ಅದೇ ಕಿರಿಯ ಹುಡುಗಿ. ನರಕ ಚತುರ್ದಶಿಯ ಬೆಳಗ್ಗೆ, ಊರಿನ ಮನೆಯಲ್ಲಿ, ತಲೆಗೆ ಎಣ್ಣೆ ಹಚ್ಚಿಕೊಂಡೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳಂತೆ. “ನಾನು ಹೇಳಿದ್ದೆ” ಅಂತ ಅವಳು ಒಂದು ಮಾತೂ ಅನ್ನಲಿಲ್ಲ. ಆದರೆ ಹಬ್ಬ ಮುಗಿಸಿ ಬಂದ ಮೇಲೆ ಮೀಟಿಂಗ್‌ಗಳಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದಳು. ಬಗ್ ಒಂದೇ ದಿನದಲ್ಲಿ ಸರಿಹೋಯ್ತು, ಈ ಮೌನ ಮುರಿಯೋಕೆ ತಿಂಗಳುಗಳು ಬೇಕಾದವು.

ಹಿರಿಯ ಡೆವಲಪರ್ ಒಂದು ದಿನ ಟೀ ಅಂಗಡಿಗೆ ಕರೆದುಕೊಂಡು ಹೋದರು. “ಮೂರು ವಾರ ಅಂದಿದ್ದು ಖರೆ. ‘ನೋಡಬೇಕ್ರಿ’ ಅಂತನೂ ಅಂದಿದ್ದೆ. ಅದನ್ನ ನೀವು ಲಿಫ್ಟ್‌ನ್ಯಾಗ ಬಿಟ್ಟು ಬಂದ್ರಿ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಏನು ಮಾಡಬೇಕು ಅಂತ ಹೇಳ್ತೀರಿ, ಯಾಕ ಮಾಡಬೇಕು ಅಂತ ಒಮ್ಮೆನೂ ಹೇಳಿಲ್ಲ. ಯಾಕ ಅಂತ ಗೊತ್ತಿದ್ರ ನಾವೂ ಒಂದು ದಾರಿ ಹುಡುಕ್ತಿದ್ವಿ” ಅಂದರು.

ದೊಡ್ಡಪ್ಪ ಮತ್ತು ಅಡುಗೆ ಭಟ್ಟರು

ಆ ಮಾತು ಪೂರ್ತಿ ಅರ್ಥವಾಗಿದ್ದು ಮುಂದಿನ ತಿಂಗಳು ಗುಬ್ಬಿಯಲ್ಲಿ ನಡೆದ ಅಕ್ಕನ ಮದುವೆಯಲ್ಲಿ. ದೊಡ್ಡಪ್ಪ ಅಡುಗೆ ಭಟ್ಟರ ಜೊತೆ ಕೂತು ಮಾತಾಡುತ್ತಿದ್ದರು. ಎಲೆ ಎಷ್ಟು, ಮುಹೂರ್ತ ಎಷ್ಟು ಹೊತ್ತಿಗೆ, ಗಂಡಿನ ಕಡೆಯವರು ರಾತ್ರಿಯೇ ಬರ್ತಾರಾ, ಸಕ್ಕರೆ ಕಾಯಿಲೆಯ ಹಿರಿಯರು ಎಷ್ಟು ಜನ. ಸಾರಿಗೆ ಒಗ್ಗರಣೆ ಹೇಗೆ ಹಾಕಬೇಕು ಅಂತ ದೊಡ್ಡಪ್ಪ ಹೇಳಲಿಲ್ಲ, ಭಟ್ಟರು ಕೇಳಲೂ ಇಲ್ಲ.

ಕೊನೇ ಗಳಿಗೆಯಲ್ಲಿ ನೂರು ಎಲೆ ಜಾಸ್ತಿ ಆಗುತ್ತೆ ಅಂತ ಗೊತ್ತಾಯ್ತು. ಭಟ್ಟರು ಸ್ವಲ್ಪ ಯೋಚಿಸಿ, “ಆಗುತ್ತೆ. ಆದ್ರೆ ಹೋಳಿಗೆ ಬಿಟ್ಟುಬಿಡಿ, ಲಾಡು ಮಾಡೋಣ. ಇವತ್ತು ರಾತ್ರಿನೇ ಕಟ್ಟಿಡಬಹುದು. ಹೋಳಿಗೆನೇ ಬೇಕು ಅಂದ್ರೆ ಎರಡನೇ ಪಂಕ್ತಿ ಅರ್ಧ ಗಂಟೆ ತಡ” ಅಂದರು. ದೊಡ್ಡಪ್ಪ ಲಾಡು ಅಂದರು. ಐದು ನಿಮಿಷದಲ್ಲಿ ಮುಗಿದುಹೋಯ್ತು. ನಾನು ಐದು ವಾರದಲ್ಲಿ ಮಾಡಲಾಗದ ಮಾತುಕತೆ ಅದು. ಎಲೆ, ಹೊತ್ತು, ಹೋಳಿಗೆ ಮೂರೂ ಬೇಕು ಅಂತ ನಾನು ಹಟ ಹಿಡಿದಿದ್ದೆ.

ಆಮೇಲೆ ಏನೇನು ಬದಲಾಯ್ತು?

ಮೊದಲು ಕಷ್ಟ ಹೇಳಿ: ‘ಇಲ್ಲಿ ಒಂದು ಬಟನ್ ಹಾಕಿ’ ಅಂತ ಬರೆಯೋದು ಬಿಟ್ಟೆ. ಇಬ್ಬರು ಡೆವಲಪರ್‌ಗಳನ್ನು ಒಂದು ದಿನ ತಿಪಟೂರಿನ ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕರು ಹಿಟ್ಟಿನ ಕೈಯಲ್ಲೇ ಫೋನ್ ಒತ್ತೋದನ್ನು ಅವರು ಕಣ್ಣಾರೆ ನೋಡಿದರು. ಮಾಲೀಕರಿಗೆ ಮುಖ್ಯವಾಗಿ ಬೇಕಿದ್ದದ್ದು, ರಾತ್ರಿ ಬಾಗಿಲು ಹಾಕುವಾಗ ಯಾವ ಅಂಗಡಿಯಿಂದ ಯಾವುದಕ್ಕೆ ಏನು ಕಳಿಸಬೇಕು ಅನ್ನೋ ಒಂದು ಪಟ್ಟಿ. ನಾನು ಬಡಿದಾಡಿದ ಫೀಚರ್‌ಗಿಂತ ಅದು ಎಷ್ಟೋ ಸಣ್ಣ ಕೆಲಸ. ಹೊಳೆದದ್ದು ಡೆವಲಪರ್‌ಗೆ, ವಾಪಸ್ ಬರುವಾಗ ಬಸ್ಸಿನಲ್ಲಿ.

ಅಂದಾಜನ್ನು ಮಾತು ಕೊಟ್ಟಂತೆ ತಗೋಬೇಡಿ: ನಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅನ್ನೋದನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡ್ತೀವಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಅಂತ ಹೆಸರಿಟ್ಟರು. ಅವರು ಸೂಚಿಸಿದ ಮದ್ದು ಸರಳ: ಇದೇ ತರದ ಹಿಂದಿನ ಕೆಲಸಗಳಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು ಅಂತ ನೋಡಿ. ಈಗ ನಾವು ‘ಪ್ಲಾನಿಂಗ್ ಪೋಕರ್’ ಆಡ್ತೀವಿ. 1, 2, 3, 5, 8, 13 ಅಂತ ನಂಬರ್ ಇರುವ ಕಾರ್ಡ್‌ಗಳನ್ನು ಎಲ್ಲರೂ ಒಟ್ಟಿಗೇ ತೋರಿಸಬೇಕು. ಸೀನಿಯರ್ ಮೊದಲು ‘ಮೂರು’ ಅಂದರೆ ಉಳಿದವರೂ ಮೂರೇ ಅಂತಾರೆ, ಅದನ್ನು ತಪ್ಪಿಸೋಕೆ ಈ ಆಟ. ಮೊದಲ ಸಲ ಎಲ್ಲರೂ 3 ತೋರಿಸಿದಾಗ ಕಿರಿಯ ಹುಡುಗಿ 13 ಹಿಡಿದಿದ್ದಳು. “ಯಾಕೆ?” ಅಂತ ಕೇಳಿದೆ. ಹತ್ತು ನಿಮಿಷ ಮಾತಾಡಿದಳು. ಅವಳು ಹೇಳಿದ್ದೇ ಸರಿ ಇತ್ತು.

‘ಒಂದ್ನಿಮಿಷ’ದ ಬೆಲೆ ತಿಳ್ಕೊಳ್ಳಿ: ನನ್ನ ದಿನ ಅರ್ಧರ್ಧ ಗಂಟೆಯ ಮೀಟಿಂಗ್‌ಗಳ ಸರಮಾಲೆ. ಡೆವಲಪರ್‌ಗೆ ಒಟ್ಟಿಗೆ ಅರ್ಧ ದಿನ ಬೇಕು. ಪಾಲ್ ಗ್ರಹಾಂ 2009ರ ಒಂದು ಪ್ರಬಂಧದಲ್ಲಿ ಈ ಎರಡು ಬಗೆಯ ದಿನಚರಿಗಳನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಈಗ ನನ್ನ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟು ಸಂಜೆ ನಾಲ್ಕಕ್ಕೆ ಒಟ್ಟಿಗೆ ಕೇಳ್ತೀನಿ. ಆಶ್ಚರ್ಯ ಅಂದ್ರೆ, ಅಷ್ಟೊತ್ತಿಗೆ ಅರ್ಧ ಪ್ರಶ್ನೆಗಳಿಗೆ ನನಗೇ ಉತ್ತರ ಸಿಕ್ಕಿರುತ್ತೆ.

ಹಳೇ ಸಾಲ ತೀರಿಸೋಕೆ ಬಿಡಿ: ಆತುರದಲ್ಲಿ ಬರೆದ ಕೋಡ್ ಸಾಲ ಇದ್ದ ಹಾಗೆ, ಬಡ್ಡಿ ಬೆಳೆಯುತ್ತಲೇ ಇರುತ್ತೆ. ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಕೊಟ್ಟ ಹೋಲಿಕೆ ಇದು. ಡೆವಲಪರ್‌ಗಳು ‘ಟೆಕ್ನಿಕಲ್ ಡೆಟ್’ ಅಂದಾಗ ಮೊದಲು ನೆಪ ಅಂದುಕೊಳ್ಳುತ್ತಿದ್ದೆ. ‘ಒಬ್ಬ ಮಾಲೀಕ, ಒಂದು ಅಂಗಡಿ’ ನಮ್ಮ ಸಾಲವಾಗಿತ್ತು, ಬಡ್ಡಿ ಕಟ್ಟಿದ್ದು ತಿಪಟೂರಿನವರು. ಈಗ ಪ್ರತಿ ಎರಡು ವಾರದ ಸ್ಪ್ರಿಂಟ್‌ನಲ್ಲಿ ಸ್ವಲ್ಪ ಜಾಗ ಇದಕ್ಕೇ ಮೀಸಲು.

ಕೆಟ್ಟ ಸುದ್ದಿಗೆ ಬಾಗಿಲು ತೆಗೆದಿಡಿ: ತಂಡದ ಎದುರೇ ಒಪ್ಪಿಕೊಂಡೆ: “ಡೇಟ್ ಕೊಟ್ಟಿದ್ದು ನಾನು, ಟೆಸ್ಟ್ ಬಿಟ್ಟಿದ್ದೂ ನನ್ನ ಮಾತಿಗೆ. ತಪ್ಪು ನಂದು.” ಮೇಲಿನವರಿಗೆ ಕಳಿಸಿದ ಮೇಲ್‌ನಲ್ಲೂ ಹಾಗೇ ಬರೆದೆ. ಕೈ ನಡುಗುತ್ತಿತ್ತು, ನಿಜ. ಕೆಲಸವೇನೂ ಹೋಗಲಿಲ್ಲ. ಆ ವಾರದಿಂದ ಪ್ರತಿ ರಿಲೀಸ್‌ಗೆ ಮುಂಚೆ ಒಂದೇ ಪ್ರಶ್ನೆ ಕೇಳ್ತೀನಿ, “ಇದರಲ್ಲಿ ನಿಮಗೆ ಹೆದರಿಕೆ ಇರೋದು ಎಲ್ಲಿ?” ಕೇಳಿ ಸುಮ್ಮನೆ ಕೂರ್ತೀನಿ. ಯಾರಾದರೂ ಬಾಯಿ ಬಿಡೋವರೆಗೂ ನಾನು ಮಾತಾಡೋದಿಲ್ಲ.

ಎಲ್ಲವೂ ಸರಿಹೋಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಈಗಲೂ ಡೇಟ್ ತಪ್ಪುತ್ತೆ, ಸೇಲ್ಸ್‌ನವರು ಮುಖ ಊದಿಸ್ತಾರೆ. ತಿಪಟೂರಿನವರು ನಮ್ಮ ಆ್ಯಪ್ ಬಿಡಲಿಲ್ಲ, ಆದರೆ ಹಬ್ಬದ ವಾರ ಪಕ್ಕದಲ್ಲಿ ಒಂದು ಬಿಲ್ ಪುಸ್ತಕ ಇಟ್ಟುಕೊಳ್ತಾರೆ. ಅದು ನನಗೂ ಒಂದು ಪಾಠ.

ಯುಗಾದಿಗೆ ಮುಂಚೆ ಹೊಸ ಕೆಲಸ ಒಂದು ಬಂತು. ಹಿರಿಯ ಡೆವಲಪರ್‌ನ ಲಿಫ್ಟ್‌ನಲ್ಲಿ ಕೇಳಲಿಲ್ಲ. ತಂಡ ಪೂರ್ತಿ ಕೂತು ಕಾರ್ಡ್ ತೋರಿಸಿ, ಹಳೇ ಕೆಲಸಗಳ ಲೆಕ್ಕ ನೋಡಿ ಹೇಳಿತು, “ಮೂರರಿಂದ ಐದು ವಾರ.” ಹಿರಿಯರು ನನ್ನ ಕಡೆ ನೋಡಿ ಸೇರಿಸಿದರು, “ನೋಡಬೇಕ್ರಿ.”

ಸೇಲ್ಸ್‌ಗೆ ಹೋದ ಮೇಲ್‌ನಲ್ಲಿ ಅದನ್ನೂ ಬರೆದೆ. ಮೂರರಿಂದ ಐದು ವಾರ, ನೋಡಬೇಕು. ಏನು ನೋಡಬೇಕು, ಅದು ಗೊತ್ತಾಗೋದು ಯಾವ ದಿನ ಅಂತ ಕೆಳಗೆ ಎರಡು ಸಾಲು. ನಾಲ್ಕೂವರೆ ವಾರಕ್ಕೆ ಕೆಲಸ ಮುಗಿಯಿತು. ಯುಗಾದಿಯ ದಿನ ಯಾರ ಫೋನೂ ಬರಲಿಲ್ಲ.